ಪಕ್ಕದ ಅಂಗಡಿಯ ಚೀಸಣ್ಣ

ಪಕ್ಕದ ಅಂಗಡಿಗೆ ಹೊಸ ಬಾಡಿಗೆದಾರರು ಬಂದಿದ್ದಾರೆ. ಗಂಡ ಹೆಂಡತಿ ಇಬ್ಬರೂ ಕೂಡಿ ಮೊಬೈಲ್ ಕವರು, ಚಾರ್ಜರು, ಇಯರ್‌ಫೋನು ಮಾರುತ್ತಾರೆ. ಒಳ್ಳೆಯ ಮಂದಿ. ಬೆಳಿಗ್ಗೆ ಬಂದ ಕೂಡಲೇ ನಮಸ್ಕಾರ ಹೇಳುತ್ತಾರೆ, ಹಾಡು ಜೋರಾಯಿತು ಎಂದರೆ ಮರುಮಾತಿಲ್ಲದೆ ಸಣ್ಣದು ಮಾಡುತ್ತಾರೆ. ಆದರೂ ನನಗೆ ಅವರ ಮೇಲೆ ಕಾರಣವಿಲ್ಲದ ಒಂದು ಮುನಿಸು. ಅವರ ಅಂಗಡಿಯಿಂದ ಯಾವ ವಾಸನೆಯೂ ಬರುವುದಿಲ್ಲ.

ಮೊದಲು ಹೀಗಿರಲಿಲ್ಲ. ಹಗರಿಬೊಮ್ಮನಹಳ್ಳಿಯ ನನ್ನ ಮೆಡಿಕಲ್ ಶಾಪಿಗೆ ಬಂದವರು ಡಾಕ್ಟರ ಚೀಟಿ ಕೊಡುವ ಮೊದಲೇ ಮೂಗಿಗೆ ಸೆರಗೋ ಟವೆಲ್ಲೋ ಹಿಡಿದು, "ಅಕ್ಕಾರ, ಒಳಗ ಎಲ್ಲೋ ಇಲಿ ಸತ್ತೈತಿ, ನೋಡ್ರಿ" ಎನ್ನುತ್ತಿದ್ದರು. ನಾನು ಗೋಡೆಯ ಕಡೆ ಹೆಬ್ಬೆರಳು ತೋರಿಸಿ, "ಇಲಿ ಅಲ್ರಿ, ಫ್ರಾನ್ಸು" ಎನ್ನುತ್ತಿದ್ದೆ. ಗೋಡೆಯ ಆಚೆಯಿಂದ ದೊಡ್ಡ ನಗು ಕೇಳುತ್ತಿತ್ತು. ಆ ನಗು ಚೀಸಣ್ಣನವರದು.

ಅವರ ನಿಜವಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಕಡೆ ಹೆಸರು ಹೇಳಿದರೆ ಮನೆತನದ ಅಡ್ಡಹೆಸರು ಕೇಳುತ್ತಾರೆ, ಅಡ್ಡಹೆಸರು ಹೇಳಿದರೆ ನಿಮ್ಮ ಓಣಿ ಯಾವುದು ಎನ್ನುತ್ತಾರೆ. ಅವರಾದರೂ ಅಷ್ಟೆಲ್ಲ ಕೇಳಿಸಿಕೊಳ್ಳುತ್ತ ಕೂರುತ್ತಿರಲಿಲ್ಲ. ಅಂಗಡಿ ಬಾಡಿಗೆಗೆ ಕೇಳಲು ಬಂದ ದಿನ ನಮ್ಮ ಮಾವನ ಎದುರು ನಿಂತು ತಾವಾಗಿಯೇ ಹೇಳಿಬಿಟ್ಟರು: "ನಾನು ಮಾಗಳದವ್ರಿ ಯಜಮಾನ್ರ. ಊರ ಹೊರಗಿನ ಓಣಿಯವರು ನಾವು. ಈಗ ಬುದ್ಧನ ಕಡೆ ಬಂದೀವಿ. ಇದು ಕೇಳಿದ ಮ್ಯಾಲೂ ಅಂಗಡಿ ಕೊಡ್ತೀರಿ ಅಂದ್ರ ಅಡ್ವಾನ್ಸ್ ತಂದೀನಿ."

ಮಾವ ಒಂದು ಕಾಲಕ್ಕೆ ಶೇಂಗಾ ವ್ಯಾಪಾರ ಮಾಡಿದವರು. ವಯಸ್ಸಾದ ಮೇಲೆ ಗೋದಾಮು ಒಡೆಸಿ ಎರಡು ಅಂಗಡಿ ಕಟ್ಟಿಸಿ, ಒಂದನ್ನು ಫಾರ್ಮಸಿ ಓದಿದ ಸೊಸೆಯಾದ ನನಗೆ ಬಿಟ್ಟುಕೊಟ್ಟು, ಇನ್ನೊಂದನ್ನು ಬಾಡಿಗೆಗಿಟ್ಟಿದ್ದರು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಬಂದರೆ ಎರಡೂ ಅಂಗಡಿಗಳ ನಡುವಿನ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಸಂಜೆಯ ತನಕ ಕೂತಿರುತ್ತಾರೆ. ಈಗಲೂ ಕೂರುತ್ತಾರೆ. ಅವತ್ತು ಅವರು ಚೀಸಣ್ಣನವರನ್ನು ಮೇಲಿನಿಂದ ಕೆಳಗಿನ ತನಕ ನೋಡಿ, "ಬಾಡಿಗಿಗೆ ಎಂಥಾ ಜಾತಿಯಪಾ, ತಿಂಗಳಿಗೆ ಸರಿಯಾಗಿ ಬಂದ್ರ ಸಾಕು" ಎಂದು ಒಪ್ಪಿಕೊಂಡರು. ನನಗೆ ಮಾವನ ಬಗ್ಗೆ ಹೆಮ್ಮೆಯೆನಿಸಿತು. ಏನು ಮಾರುತ್ತೀಯ ಎಂದು ಕೇಳಲು ಮಾತ್ರ ಅವರು ಮರೆತಿದ್ದರು.

ಚೀಸೆಂದರೆ ನಮಗೆಲ್ಲ ಗೊತ್ತಿದ್ದದ್ದು ಮಕ್ಕಳ ಟಿಫಿನ್ ಡಬ್ಬಿಯ ಚೌಕದ ತುಂಡು, ಇಲ್ಲವೇ ಪಿಜ್ಜಾದ ಮೇಲೆ ದಾರದಂತೆ ಎಳೆಯುವುದು. ಚೀಸಣ್ಣ ತರಿಸುತ್ತಿದ್ದದ್ದು ಬೇರೆಯೇ. ಫ್ರಾನ್ಸು, ಪೋರ್ಚುಗಲ್ಲು, ಸ್ಪೇನು, ಹಾಲೆಂಡುಗಳ ಹಳ್ಳಿಗಳಲ್ಲಿ ಒಂದೊಂದು ಮನೆಯವರು ತಮ್ಮ ಕೈಯಾರೆ ಹಾಲು ಒಡೆಸಿ, ನೀರು ಬಸಿದು, ಉಪ್ಪು ಹಚ್ಚಿ, ತಿಂಗಳುಗಟ್ಟಲೆ ಮಾಗಲು ಬಿಟ್ಟ ಚೀಸುಗಳು. ಕೆಲವು ಬೀಸುವ ಕಲ್ಲಿನಷ್ಟು ಗಟ್ಟಿ, ಕೆಲವು ಬೆಣ್ಣೆಯಷ್ಟು ಮೆತ್ತಗೆ, ಕೆಲವಕ್ಕೆ ಒಳಗೆಲ್ಲ ನೀಲಿ ಬೂಷ್ಟು. ಬೂಷ್ಟು ಹಿಡಿದದ್ದನ್ನು ಅಷ್ಟು ದೂರದಿಂದ ವಿಮಾನದಲ್ಲಿ ತರಿಸುವವರನ್ನು ನಾವು ಅದೇ ಮೊದಲು ನೋಡಿದ್ದು.

ಹಡಗಿನ ಅಡುಗೆಮನೆಯಲ್ಲಿ ಬಹಳ ವರ್ಷ ಕೆಲಸ ಮಾಡಿದವರು ಅವರು. ಹಡಗು ಬಂದರಿನಲ್ಲಿ ನಿಂತಾಗ ಜೊತೆಯವರೆಲ್ಲ ಪೇಟೆ ಸುತ್ತಲು ಹೋದರೆ ಇವರು ಬಸ್ಸು ಹಿಡಿದು ಹಳ್ಳಿಗಳಿಗೆ ಹೋಗಿ ಚೀಸು ಮಾಡುವವರ ಮನೆ ಬಾಗಿಲಲ್ಲಿ ನಿಲ್ಲುತ್ತಿದ್ದರಂತೆ. ಆಮೇಲೆ ಗೋವಾದ ಒಬ್ಬ ಆಮದು ವ್ಯಾಪಾರಿಯ ಹತ್ತಿರ ಕೆಲಸ ಮಾಡಿ, ಕಸ್ಟಮ್ಸಿನ ಕಾಗದಪತ್ರ ಕಲಿತು, ಸ್ವಂತಕ್ಕೆ ಶುರುಮಾಡಿದರು. ಹಂಪಿ ಸುತ್ತಲಿನ ರೆಸಾರ್ಟುಗಳು, ಉಕ್ಕಿನ ಕಾರ್ಖಾನೆಯ ಗೆಸ್ಟ್‌ಹೌಸು, ಹುಬ್ಬಳ್ಳಿಯ ಹೋಟೆಲುಗಳು ಅವರ ಗಿರಾಕಿಗಳು. ಹೊಟ್ಟೆ ತುಂಬುತ್ತಿದ್ದದ್ದು ಅಲ್ಲಿಂದ. "ಹಂಗಾದ್ರ ಹೊಸಪೇಟ್ಯಾಗ ಅಂಗಡಿ ಹಾಕಬೇಕಿಲ್ರಿ, ಈ ಧೂಳಿನಾಗ ಯಾಕ?" ಎಂದು ನಾನೊಮ್ಮೆ ಕೇಳಿದೆ. "ಅಲ್ಲಿ ತಿನ್ನೋರು ಮೊದಲ ಅದಾರ ಅಕ್ಕಾರ. ನಾನು ಇಲ್ಲಿ ತಿನ್ನೋರನ್ನ ತಯಾರು ಮಾಡಬೇಕು" ಎಂದರು.

ನೋಡಲು ಬಲು ಠೀವಿಯ ಮನುಷ್ಯ. ಗರಿಗರಿ ಇಸ್ತ್ರಿಯ ಬಿಳಿ ಏಪ್ರನ್, ಮುಖ ಕಾಣುವಂತೆ ಹೊಳೆಯುವ ಬೂಟು, ಕೈಗೆ ತೆಳುವಾದ ಗ್ಲೌಸು. ನಡೆಯುವಾಗ ಕಾಲು ಸ್ವಲ್ಪ ಅಗಲ ಮಾಡಿ ನಡೆಯುತ್ತಿದ್ದರು. ನೆಲ ಇನ್ನೂ ಅಲ್ಲಾಡುತ್ತಿದೆ ಎನ್ನುವಂತಿತ್ತು ಆ ನಡಿಗೆ. ತಮ್ಮ ಬಗ್ಗೆ ತಮಗಿದ್ದ ಅಭಿಮಾನವೂ ಸಣ್ಣದಲ್ಲ. "ಬಳ್ಳಾರಿಯಿಂದ ದಾವಣಗೆರಿ ತನಕ ನೀಲಿ ಚೀಸು ಕತ್ತರಿಸೋ ಕೈ ಇದೊಂದ ನೋಡ್ರಿ" ಎಂದು ಬೆರಳು ಆಡಿಸಿ ತೋರಿಸುತ್ತಿದ್ದರು. ಅಂಗಡಿಯ ಗೋಡೆಯ ಮೇಲೆ ಬುದ್ಧನ ಪಟದ ಸುತ್ತ ಯುರೋಪಿನ ಮುದುಕ ಮುದುಕಿಯರ ಫೋಟೋಗಳಿದ್ದವು. ಎಲ್ಲರೂ ಅವರಿಗೆ ಚೀಸು ಮಾಡಿ ಕಳಿಸುವ ಬಳಗ. "ಈಕಿ ಗುಡ್ಡದ ಮ್ಯಾಲ ಒಬ್ಬಾಕಿನ ಅದಾಳ್ರಿ. ಕುರಿಗೆ ಹೆಸರಿಟ್ಟು ಕರೀತಾಳ. ಈಕಿ ಕೈಯಾಗಿನ ಚೀಸಿಗೆ ಈಕಿ ಸಿಟ್ಟಿನ ರುಚಿನೂ ಬಂದಿರತೈತಿ" ಎಂದು ಪರಿಚಯ ಮಾಡಿಸುತ್ತಿದ್ದರು. ಮುದುಕಿಗೆ ಮೊಣಕಾಲು ನೋವೆಂದು ತಿಳಿದಾಗ ನನ್ನ ಅಂಗಡಿಯ ನೋವಿನ ಎಣ್ಣೆ ಕಟ್ಟಿಸಿಕೊಂಡು ಪಾರ್ಸೆಲ್ ಮಾಡಿದ್ದರು.

ಕರೆಂಟು ಹೋದರೆ ಮಾತ್ರ ಆ ಠೀವಿಯೆಲ್ಲ ಇಳಿದುಹೋಗುತ್ತಿತ್ತು. ಅವರ ಜನರೇಟರ್ ಕೆಟ್ಟ ಒಂದು ಬೇಸಿಗೆಯ ಮಧ್ಯಾಹ್ನ ದೊಡ್ಡದೊಂದು ಡಬ್ಬಿ ಅಪ್ಪಿಕೊಂಡು ಓಡಿಬಂದು, "ಅಕ್ಕಾರ, ನಿಮ್ಮ ಇನ್ಸುಲಿನ್ ಫ್ರಿಜ್ಜಿನಾಗ ಇವಕ್ಕಿಷ್ಟು ಜಾಗ ಕೊಡ್ರಿ, ಜೀವ ಹೋಗತಾವ" ಎಂದರು. "ಡ್ರಗ್ ಇನ್‌ಸ್ಪೆಕ್ಟರ್ ಬಂದ್ರ ನನ್ನ ಲೈಸೆನ್ಸ್ ಹೋಗತೈತ್ರಿ" ಎಂದು ನಾನು ಅಡ್ಡ ನಿಂತೆ. ಕೊನೆಗೆ ಐಸ್‌ಕ್ಯಾಂಡಿ ಅಂಗಡಿಯವನ ಪೆಟ್ಟಿಗೆಯಲ್ಲಿ ಇಡಿಸಿದೆವು. ಒಂದು ವಾರ ಊರ ಮಕ್ಕಳು ವಾಸನೆಯ ಐಸ್‌ಕ್ಯಾಂಡಿ ತಿಂದರು. ಆ ಅಂಗಡಿಯವನು ಈಗಲೂ ನನ್ನ ಸಂಗಡ ಮುಖಕೊಟ್ಟು ಮಾತಾಡುವುದಿಲ್ಲ.

ವಾರದಲ್ಲೊಂದು ದಿನ ವ್ಯಾನಿನಲ್ಲಿ ಐಸ್ ಪೆಟ್ಟಿಗೆ ಇಟ್ಟುಕೊಂಡು ಪ್ರಚಾರಕ್ಕೆ ಹೋಗುವರು. ಕೂಡ್ಲಿಗಿಯ ಬಸ್‌ಸ್ಟ್ಯಾಂಡಿನ ಎದುರು ನಿಂತು ಪುಕ್ಕಟೆ ತಿನಿಸುವರು. ಕೊಟ್ಟೂರಿನಲ್ಲಿ ಮಿರ್ಚಿ ಅಂಗಡಿಯವರ ಕೈಕಾಲು ಹಿಡಿದು, ಒಗ್ಗರಣೆ ಮಂಡಕ್ಕಿಯ ಮೇಲೆ ಸ್ಪೇನಿನ ಗಟ್ಟಿ ಚೀಸನ್ನು ತುರಿದು ಹಾಕಿಸಿದ್ದರು. ತಿಂದವರು ಮಂಡಕ್ಕಿ ಚೆನ್ನಾಗಿದೆ ಎಂದು ಹೊಗಳಿ ಹೋದರು. ಹರಪನಹಳ್ಳಿಯ ಮಹಿಳಾ ಸಂಘದಲ್ಲಿ ಭಾಷಣ ಮಾಡಿದಾಗ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಒಂದೊಂದು ಚೀಸಿನ ಕುಲಗೋತ್ರವನ್ನೆಲ್ಲ ಬಿಡಿಸಿ ಹೇಳಿ, ಪ್ರಶ್ನೆ ಇದ್ದರೆ ಕೇಳಿ ಎಂದಾಗ ಒಬ್ಬ ಹೆಂಗಸು ಎದ್ದು, "ಇದನ್ನ ಬೆಣ್ಣೆ ದೋಸೆ ಮೇಲೆ ಹಾಕ್ಕೊಂಡ್ರೆ ಬೆಣ್ಣೆ ಉಳಿಯುತ್ತೇನ್ರಿ?" ಎಂದಳು. ಬರುವಾಗ ದಾರಿಯುದ್ದಕ್ಕೂ ಅವರು ಅದನ್ನೇ ನೆನೆದು ನಕ್ಕರು. "ಆಕಿ ಮುಂದಿನ ಸಲ ತಗೋತಾಳ ಬಿಡ್ರಿ. ದೋಸಿ ಮ್ಯಾಲ ಹಾಕಬೇಕು ಅಂದಾಕಿ ಆಗಲೇ ಅರ್ಧ ಸೋತಾಳ" ಎಂದರು.

ತೆಲಿಗಿಯ ಕಥೆ ಇನ್ನೂ ಚೆಂದ. ಅಲ್ಲಿಯ ಒಬ್ಬ ಸ್ನೇಹಿತರ ಮಗಳ ಮದುವೆಗೆ ಕೆಂಪು ಮೇಣದ ಪೊರೆಯಿದ್ದ ಹಾಲೆಂಡಿನ ಇಡೀ ಗುಂಡು ಚೀಸನ್ನೇ ಮುಯ್ಯಿ ಕೊಟ್ಟಿದ್ದರು. ಮರುವರ್ಷ ಆ ಮನೆಗೆ ಊಟಕ್ಕೆ ಹೋದರೆ ಅದು ಟಿ.ವಿ. ಪಕ್ಕದ ಶೋಕೇಸಿನಲ್ಲಿ, ಮದುವೆ ಫೋಟೋದ ಜೊತೆ ಕೂತಿದೆ. ಕೆಳಗೊಂದು ತಟ್ಟೆ. "ಬ್ಯಾಸಿಗ್ಯಾಗ ಎಣ್ಣಿ ಬಿಡತೈತ್ರಿ ಅದು, ಅದಕ್ಕ ತಟ್ಟಿ ಇಟ್ಟೀವಿ. ಭಾಳ ಚೆಂದ ಐತಿ, ಬಂದೋರೆಲ್ಲ ಎಲ್ಲಿ ತಂದ್ರಿ ಅಂತ ಕೇಳತಾರ" ಎಂದಳಂತೆ ಮನೆಯಾಕೆ. ಅದು ತಿನ್ನುವ ವಸ್ತು ಎಂದು ಹೇಳಲು ಚೀಸಣ್ಣನವರಿಗೆ ಮನಸ್ಸಾಗಲಿಲ್ಲ. ನಕ್ಕರೆ ಬೇಜಾರಾದೀತೆಂದು ಊಟ ಬಿಟ್ಟು ಹಿತ್ತಲಿಗೆ ಹೋಗಿ ನಕ್ಕು ಬಂದರಂತೆ.

ಇಷ್ಟೆಲ್ಲ ಪ್ರಚಾರದಲ್ಲಿ ಅವರ ಮೊದಲ ನಿಜವಾದ ಭಕ್ತರೆಂದರೆ ನಮ್ಮ ಮಾವ. ಇದನ್ನು ಯಾರೂ ನಿರೀಕ್ಷಿಸಿರಲಿಲ್ಲ. ಹೊರಗೆ ನೀರೂ ಕುಡಿಯದ ಮನುಷ್ಯ ಅವರು. ಆದರೆ ಚೀಸು ಪರದೇಶದಿಂದ ಸೀಲಾಗಿ ಬರುತ್ತದೆ, ಕತ್ತರಿಸುವ ಕೈಗೆ ಗ್ಲೌಸಿರುತ್ತದೆ. ಹೀಗೆ ಏನೋ ಒಂದು ಲೆಕ್ಕ ಹಾಕಿ ತಮ್ಮ ಮನಸ್ಸಿಗೆ ತಾವೇ ಒಪ್ಪಿಗೆ ಕೊಟ್ಟುಕೊಂಡಿದ್ದರು. ಸಂಜೆಯಾದರೆ ಚೀಸಣ್ಣ ಒಂದು ಸಣ್ಣ ಹಲಗೆಯ ಮೇಲೆ ನಮ್ಮ ಮನೆಯಿಂದಲೇ ಕೊಟ್ಟ ಗರಿಗರಿ ಕಟಕರೊಟ್ಟಿಯ ಚೂರು, ಅದರ ಮೇಲೆ ನಮ್ಮದೇ ಗುರೆಳ್ಳು ಚಟ್ನಿ, ಅದರ ಮೇಲೆ ಚೀಸು ಇಟ್ಟು ಕಟ್ಟೆಗೆ ತರುವರು. "ಯುರೋಪಿನೋರು ಚೀಸಿಗೆ ತಕ್ಕ ಬಿಸ್ಕೀಟು ಹುಡುಕಿ ಹುಡುಕಿ ಸಾಕಾಗ್ಯಾರ. ಅವರಿಗೆ ಕಟಕರೊಟ್ಟಿ ಗೊತ್ತಿಲ್ಲ ಪಾಪ" ಎನ್ನುವರು. ಯಾವ ದೇಶದ್ದು, ಯಾರು ಮಾಡಿದ್ದು, ಯಾವ ಹಾಲು ಎಂದು ಮೊದಲು ಹೇಳುವರು. ಆಮೇಲೆಯೇ ಹಲಗೆ ಕೆಳಗಿಡುವುದು. ಮಾವ ಕಣ್ಣು ಮುಚ್ಚಿ ತಿಂದು, "ಹೂಂ, ಇದು ನಿನ್ನಿದಕ್ಕಿಂತ ಮ್ಯಾಲ" ಎಂದೋ, "ಇದು ಯಾಕೋ ನಾಲಿಗಿ ಹಿಡೀತೈತಿ" ಎಂದೋ ತೀರ್ಪು ಕೊಡುವರು. ಆ ತೀರ್ಪಿಗೆ ಚೀಸಣ್ಣ ರೆಸಾರ್ಟಿನ ದೊಡ್ಡ ಆರ್ಡರಿಗಿಂತ ಹೆಚ್ಚು ಬೆಲೆ ಕೊಡುತ್ತಿದ್ದರು.

ಒಮ್ಮೆ ಉಕ್ಕಿನ ಕಾರ್ಖಾನೆಯ ಇಟಲಿಯ ಎಂಜಿನಿಯರ್ ಒಬ್ಬ ತನ್ನ ಊರಿನಿಂದ ಚೀಲದಲ್ಲಿ ತಂದ ಚೀಸಿನ ತುಂಡೊಂದನ್ನು ಚೀಸಣ್ಣನವರಿಗೆ ಉಡುಗೊರೆ ಕೊಟ್ಟ. ಅವರು ಅದನ್ನು ಮಗುವನ್ನು ಹಿಡಿದಂತೆ ಹಿಡಿದು ಮೂಸುತ್ತ ಕೂತಿದ್ದಾಗ ಮಾವ ಕೈ ಚಾಚಿದರು. ಚೀಸಣ್ಣ ತಟ್ಟನೆ ಹಿಂದಕ್ಕೆ ತೆಗೆದುಕೊಂಡುಬಿಟ್ಟರು.

"ಇದು ಬ್ಯಾಡ್ರಿ ಯಜಮಾನ್ರ. ಇದರ ಹಾಲು ಒಡಿಸಾಕ ಕೊಯ್ದ ಕರುವಿನ ಹೊಟ್ಟ್ಯಾಗಿನ ರಸ ಹಾಕಿರತಾರ."

ಮಾವ ಗಾಬರಿಯಾಗಿ ಕೈ ಎಳೆದುಕೊಂಡರು. "ಮತ್ತ ಇಷ್ಟು ದಿನ ನನಗ ಕೊಟ್ಟಿದ್ದು?"

"ಅವು ಮುಳ್ಳುಗಿಡದ ಹೂವಿನಿಂದ ಒಡಿಸಿದ್ವು. ಅಂಥವನ್ನ ಬಿಟ್ಟು ನಾನು ಬ್ಯಾರೆ ತರಸಂಗಿಲ್ಲ. ಗೊತ್ತಿಲ್ದ ತಿನಿಸಬಾರದ್ರಿ ಯಾರಿಗೂ. ತಿನ್ನೋರು ತಿಳಿದು ತಿನ್ನಬೇಕು."

ಅದೇ ಅವರ ಇಡೀ ವ್ಯಾಪಾರದ ಧರ್ಮ. ಆ ದಿನದಿಂದ ಮಾವ ಅವರ ಹಲಗೆಯ ಮೇಲಿನದನ್ನು ಕಣ್ಣು ಮುಚ್ಚಿ ನಂಬಿದರು. ಗೆಳೆಯರಿಗೆಲ್ಲ, "ಅವ ಸುಮ್ನಿದ್ದಿದ್ರ ನನಗೇನು ಗೊತ್ತಾಗತಿತ್ತು? ನನ್ನ ಬಾಯಿ ಕಾಯ್ದಾನ" ಎಂದು ಹೇಳಿಕೊಂಡು ತಿರುಗಿದರು. ಹೂವಿನಿಂದ ಹಾಲು ಒಡೆಯುತ್ತದೆ ಎಂಬ ಸುದ್ದಿ ಹಡಗಲಿಯ ಮಲ್ಲಿಗೆ ಬೆಳೆಗಾರರ ತನಕ ಹೋಗಿ, ಅವರಲ್ಲೊಬ್ಬರು ಚೀಲ ತುಂಬ ಮೊಗ್ಗು ತಂದುಕೊಟ್ಟು ನಮ್ಮದನ್ನೂ ಹಾಕಿ ನೋಡ್ರಿ ಎಂದರು. ಚೀಸಣ್ಣ ಪಾಪ ಹಾಕಿಯೂ ನೋಡಿದರು. ಹಾಲು ಒಡೆಯಲಿಲ್ಲ, ಅಂಗಡಿಗೆಲ್ಲ ಮದುವೆ ಮನೆಯ ಪರಿಮಳ ಬಂತು.

ಆದರೆ ಅವರ ತಲೆಯಲ್ಲಿ ಅದಾಗಲೇ ಹುಳ ಹೊಕ್ಕಿತ್ತು. ಸ್ವಂತ ಚೀಸು ಮಾಡಬೇಕು, ಅದೂ ಮಾಗಳದ ಹಾಲಿನಿಂದ. ಅದಕ್ಕೊಂದು ಕಾರಣವಿತ್ತು. ಆ ಕಾರಣವನ್ನು ಅವರು ನನಗೆ ಹೇಳಿದ್ದು ಒಂದೇ ಸಲ, ಅದೂ ನಗುನಗುತ್ತಲೇ. "ನಮ್ಮವ್ವ ಒಂದು ಎಮ್ಮಿ ಕಟ್ಟಿದ್ಲ್ರಿ. ಬೆಣ್ಣಿ ಕಾಸಿದ್ರ ಓಣಿ ತುಂಬ ಘಮ್ಮಂತಿತ್ತು. ಊರಾಗ ಹೋಟೆಲಿಗೆ ಹಾಲು ಒಯ್ದ್ರ ಅವರು ಏನಂದ್ರು ಗೊತ್ತೇನ್ರಿ? ಎಮ್ಮಿ ಮಾರತೀ ಅಂದ್ರ ಹೇಳು ತಗೋತೀವಿ, ಹಾಲು ಬ್ಯಾಡ ಅಂದ್ರಂತ." ಅವ್ವ ತೀರಿಕೊಂಡಿದ್ದಳು. ಈಗ ಎಮ್ಮೆ ಸಾಕುತ್ತಿದ್ದದ್ದು ಅವರ ಅಕ್ಕ. ಕಾಲ ಬದಲಾಗಿದೆ, ಹೋಟೆಲಿನವರು ಈಗ ಹಾಗೆ ಬಾಯಿಬಿಟ್ಟು ಹೇಳುವುದಿಲ್ಲ. ಚೀಸಣ್ಣನವರಿಗೆ ಅಷ್ಟು ಸಾಲದು. ಆ ಹಾಲನ್ನು ಊರವರು ತಿಳಿದು, ಬೇಕೆಂದು, ಇನ್ನಷ್ಟು ಕೊಡು ಎಂದು ಕೇಳಿ ತಿನ್ನಬೇಕು ಎಂಬುದು ಅವರ ಹಟ.

ಹಾಲು ಒಡೆಸಲು ಬಳ್ಳಾರಿ ಕಡೆಯ ಅಂಜೂರ ಆರಿಸಿಕೊಂಡರು. ಅಂಜೂರದ ಕಾಯಿ ಕಿತ್ತರೆ ತೊಟ್ಟಿನಲ್ಲಿ ಬರುವ ಬಿಳಿ ಹಾಲಿನ ಕೆಲವು ಹನಿ ಸಾಕು, ಎಮ್ಮೆ ಹಾಲು ಗಟ್ಟಿಯಾಗುತ್ತದೆ. ಹನಿ ಹೆಚ್ಚಾದರೆ ಬೇವಿನಷ್ಟು ಕಹಿ. ಮೊದಮೊದಲು ಮಾಡಿದ್ದನ್ನೆಲ್ಲ ಎಮ್ಮೆಯೂ ಮೂಸಲಿಲ್ಲ ಎಂದು ಅವರೇ ಹೇಳಿದರು. ಮಾಗಿಸಲು ಯುರೋಪಿನವರಿಗೆ ಗುಡ್ಡದ ಗುಹೆಗಳಿವೆ. ಇವರು ತಮ್ಮ ಹೊಲದಲ್ಲಿದ್ದ, ಜೋಳ ತುಂಬಿಡುತ್ತಿದ್ದ ಹಳೆಯ ಹಗೇವನ್ನು ತೋಡಿಸಿ, ಗಚ್ಚು ಮಾಡಿಸಿ, ಮೆಟ್ಟಿಲು ಇಳಿಸಿ, ಎ.ಸಿ. ಕೂಡಿಸಿದರು. ನೆಲದೊಳಗಿನ ಹಗೇವಿಗೆ ಎ.ಸಿ. ಹಾಕಿಸಿದ ಮನುಷ್ಯನನ್ನು ನೋಡಲು ಸುತ್ತಲಿನ ಮಂದಿ ಬಂದು ಹೋಗುತ್ತಿದ್ದರು. ನಾನೂ ಒಂದು ಭಾನುವಾರ ಹೋಗಿದ್ದೆ. ಅವರ ಅಕ್ಕ ನನಗೆ ಉಪ್ಪಿಟ್ಟು, ಕೆನೆ ಮೊಸರು ಕೊಟ್ಟು, ನಾನು ತಿನ್ನುವವರೆಗೆ ಬಾಗಿಲ ಹತ್ತಿರವೇ ನಿಂತಿದ್ದಳು. ತಿಂದ ಮೇಲೆ ತಟ್ಟೆ ಕಿತ್ತುಕೊಂಡು ಹೋಗಿ ಇನ್ನಷ್ಟು ಹಾಕಿಕೊಂಡು ಬಂದಳು.

ಕೊನೆಗೂ ಒಂದು ಸಲ ಮನಸ್ಸಿಗೆ ಬಂದಂಥದು ಕೈಗೂಡಿತು. ಅಂಗೈಯಗಲದ ಬಿಳಿ ಬಿಲ್ಲೆ. ಅದನ್ನು ಅಂಗಡಿಗೆ ತಂದ ದಿನ ಚೀಸಣ್ಣ ಬೆಳಗಿನಿಂದ ಒಂದು ಕಡೆ ಕೂಡಲಿಲ್ಲ. ಸಂಜೆ ಮಾವನಿಗೆ ಎಲ್ಲ ವಿವರ ಹೇಳಿಯೇ ಕೊಡಬೇಕು, ಬೇಡವೆಂದರೆ ಬೇಡ ಎಂದು ನನ್ನೆದುರು ಅಭ್ಯಾಸ ಮಾಡಿಕೊಂಡಿದ್ದರು. ಸಂಜೆ ಕತ್ತರಿಸಿ, ರೊಟ್ಟಿಯ ಮೇಲಿಟ್ಟು, ಹಲಗೆಯನ್ನು ತಮ್ಮ ಕೌಂಟರಿನ ತುದಿಗಿಟ್ಟರು. ಅಷ್ಟರಲ್ಲಿ ಯಾವುದೋ ರೆಸಾರ್ಟಿನ ಫೋನು ಬಂತು. ಮಾತಾಡುತ್ತ ಒಳಗೆ ಹೋದರು. ಕಟ್ಟೆಯ ಮೇಲಿದ್ದ ಮಾವ ಎಂದಿನ ಸಲಿಗೆಯಿಂದ ಕೈ ಚಾಚಿ ಒಂದು ಚೂರು ಬಾಯಿಗೆ ಹಾಕಿಕೊಂಡುಬಿಟ್ಟರು. ಅವತ್ತು ಜೊತೆಗೆ ಕೊಟ್ಟೂರಿನಿಂದ ಬಂದ ಅವರ ಇಬ್ಬರು ಗೆಳೆಯರೂ ಕೂತಿದ್ದರು.

ಚೀಸಣ್ಣ ಹೊರಗೆ ಬಂದಾಗ ಮಾವ ಎರಡನೆಯ ಚೂರಿಗೆ ಕೈಹಾಕಿದ್ದರು. "ಏನಪಾ ಇದು! ಇಷ್ಟು ವರ್ಷದಾಗ ಇಂಥಾದ್ದು ತಿಂದಿಲ್ಲ ನೋಡು. ಬೆಣ್ಣಿ ಬೆಣ್ಣಿ ಅಂತೈತಿ. ಯಾವ ದೇಶದ್ದು? ಪೋರ್ಚುಗಲ್ಲ?"

ನಾನು ನನ್ನ ಕೌಂಟರಿನಿಂದ ಕಣ್ಸನ್ನೆ ಮಾಡಿದೆ. ಹೂಂ ಎಂದುಬಿಡಿ, ಆಮೇಲೆ ನೋಡಿಕೊಳ್ಳೋಣ ಎಂದು ನನ್ನ ಇಡೀ ಮುಖ ಹೇಳುತ್ತಿತ್ತು. ಅವರು ನನ್ನನ್ನು ನೋಡಿದರು. ಮೊಬೈಲನ್ನು ಜೇಬಿಗೆ ಹಾಕಿಕೊಂಡರು.

"ಮಾಗಳದ್ರಿ ಯಜಮಾನ್ರ," ಎಂದರು. "ನಮ್ಮ ಮನಿದು. ನಮ್ಮಕ್ಕ ಹಿಂಡಿದ ಹಾಲು. ನಾನ ಮಾಡೀನಿ."

ಮಾವನ ದವಡೆ ನಿಂತಿತು. ಗೆಳೆಯರು ರಸ್ತೆಯ ಕಡೆ ನೋಡಿದರು. ಮಾವ ಎದ್ದು ಗಟಾರದ ತನಕ ಹೋಗಿ ಉಗಿದರು. ನನ್ನ ಕೌಂಟರಿನ ಮೇಲಿದ್ದ ನೀರಿನ ಬಾಟಲಿ ತೆಗೆದುಕೊಂಡು ಬಾಯಿ ಮುಕ್ಕಳಿಸಿದರು. ತಿರುಗಿ ಬಂದು ಕೂತು ಪೇಪರು ಬಿಡಿಸಿದರು. ಚೀಸಣ್ಣ ಹಲಗೆಯನ್ನು ಒಳಗೊಯ್ದು ತೊಳೆಯುವ ಸದ್ದು ನನಗೆ ಗೋಡೆಯ ಆಚೆಯಿಂದ ಬಹಳ ಹೊತ್ತು ಕೇಳುತ್ತಿತ್ತು.

ನನಗೆ ನಾಚಿಕೆಯಾಯಿತು. ಗೆಳೆಯರು ಹೋದ ಮೇಲೆ ಪಕ್ಕದ ಅಂಗಡಿಗೆ ಹೋಗಿ, "ನನಗೊಂದು ತುಂಡು ಕೊಡ್ರಿ" ಎಂದೆ. ಅವರು ಕೊಡಲಿಲ್ಲ. "ಸಮಾಧಾನ ಮಾಡಾಕ ತಿನ್ನಬ್ಯಾಡ್ರಿ ಅಕ್ಕಾರ. ನಾಳಿ ಬರ್ರಿ, ರುಚಿ ನೋಡಾಕ ತಿನ್ರಿ" ಎಂದರು. ಮರುದಿನ ಹೋಗಿ ತಿಂದೆ. ಮೊದಲು ಬೆಣ್ಣೆ, ಆಮೇಲೆ ಸಣ್ಣ ಹುಳಿ, ಕೊನೆಗೆ ಅಂಜೂರದ ಎಲೆ ಮುರಿದಾಗ ಬರುವಂಥ ಹಸಿ ವಾಸನೆ. ನಿಜಕ್ಕೂ ಅದರಂಥದು ನಾನೂ ತಿಂದಿರಲಿಲ್ಲ. ಪೋರ್ಚುಗಲ್ ಎಂದಿದ್ದರೆ ಏನಾಗುತ್ತಿತ್ತು ಎಂದು ಜಗಳಕ್ಕೆ ನಿಂತೆ.

"ಕರುವಿನ ಹೊಟ್ಟಿದು ಐತಿ ಅಂತ ಹೇಳಿದ ಬಾಯಿಲೆ ನಮ್ಮವ್ವನ ಎಮ್ಮಿ ಹಾಲನ್ನ ಪರದೇಶದ್ದು ಅಂತ ಹೆಂಗ ಹೇಳ್ಲಿ?" ಎಂದರು. ಆಗ ಮಾತ್ರ ಅವರು ನಗಲಿಲ್ಲ.

ಮನೆಯಲ್ಲಿ ಮಾವನ ಹತ್ತಿರವೂ ಕೇಳಿದೆ. "ಅವರ ಕೈಯಿಂದ ಬಾಡಿಗಿ ತಗೋತೀರಿ, ಚೀಸು ಬ್ಯಾಡೇನು?" ಎಂದೆ. "ರೊಕ್ಕ ಬ್ಯಾರಿ, ಬಾಯಿ ಬ್ಯಾರಿ. ನಿನಗ ತಿಳಿಯಂಗಿಲ್ಲ" ಎಂದು ಊಟ ಮುಗಿಸಿ ಎದ್ದರು. ಮರುದಿನದಿಂದ ಅವರ ಕುರ್ಚಿ ನನ್ನ ಅಂಗಡಿಯ ಕಡೆಗೆ ಸರಿಯಿತು. ಸೀಲಾಗಿ ಬಂದ ಫ್ರಾನ್ಸಿನದೂ ಬೇಡವಾಯಿತು.

ಚೀಸಣ್ಣ ಬಾಡಿಗೆ ಬಿಟ್ಟು ಹೋಗಬಹುದಿತ್ತು. ಹೋಗಲಿಲ್ಲ. ಗಾಜಿನ ಕ್ಯಾಬಿನೆಟ್ಟಿನಲ್ಲಿ ಫ್ರಾನ್ಸು ಮತ್ತು ಪೋರ್ಚುಗಲ್ಲಿನ ನಡುವೆ ಕನ್ನಡದಲ್ಲಿ 'ಮಾಗಳ' ಎಂದು ಚೀಟಿ ಬರೆದಿಟ್ಟರು. ಬೆಂಗಳೂರಿನ ಡೀಲರೊಬ್ಬ ಇಟಲಿಯ ಹೆಸರಿಟ್ಟರೆ ಎಷ್ಟಾದರೂ ತೆಗೆದುಕೊಳ್ಳುತ್ತೇನೆ ಎಂದಾಗ ಫೋನಿನಲ್ಲೇ ಅವನಿಗೆ ಮಾಗಳಕ್ಕೆ ಬರುವ ಬಸ್ಸಿನ ದಾರಿ ಹೇಳಿದರು. ರೆಸಾರ್ಟಿನ ವಿದೇಶಿಯರು ಇಷ್ಟಪಟ್ಟರು. ನಮ್ಮೂರಿನಲ್ಲೂ ಬ್ಯಾಂಕಿನವರು, ಆಸ್ಪತ್ರೆಯ ನರ್ಸುಗಳು, ಕಾಲೇಜಿನ ಲೆಕ್ಚರರು ಒಯ್ಯತೊಡಗಿದರು. ಪ್ರತಿ ಸಂಜೆ ಅವರು ಕಟಕರೊಟ್ಟಿಯ ಮೇಲೆ ಮಾಗಳದ ಒಂದು ಚೂರಿಟ್ಟು, ಮೇಲೊಂದು ಬಟ್ಟಲು ಮುಚ್ಚಿ, ಎರಡೂ ಅಂಗಡಿಗಳ ನಡುವಿನ ಕಟ್ಟೆಯ ಮೇಲೆ ಇಟ್ಟು ಹೋಗುತ್ತಿದ್ದರು. ತಿನ್ನಿ ಎಂದು ಒಂದು ದಿನವೂ ಹೇಳಲಿಲ್ಲ. ಮಾವ ಅದನ್ನು ಒಂದು ದಿನವೂ ತಿರುಗಿ ನೋಡಲಿಲ್ಲ. ಬಾಗಿಲು ಹಾಕುವ ಹೊತ್ತಿಗೆ ಚೀಸಣ್ಣ ಬಂದು ಒಳಗೆ ಒಯ್ಯುತ್ತಿದ್ದರು. ಎಷ್ಟು ದಿನ ಹೀಗೆ ಎಂದು ನಾನು ರೇಗಿದರೆ, "ಚೀಸಿನೋನಿಗೆ ಕಾಯೋದು ಒಂದು ಕೆಲಸೇನ್ರಿ?" ಎನ್ನುತ್ತಿದ್ದರು.

ಕಾಯುತ್ತಲೇ ಹೋದರು. ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಮಾಗಳದ ಮನೆಯಲ್ಲಿ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಹಡಗಲಿಯ ಆಸ್ಪತ್ರೆಗೆ ಮುಟ್ಟುವಷ್ಟರಲ್ಲಿ ಮುಗಿದಿತ್ತಂತೆ. ಸುದ್ದಿ ಬಂದಾಗ ನಾನು ಗಿರಾಕಿಯ ಎದುರೇ ಅತ್ತುಬಿಟ್ಟೆ. ಮಾವ ಆ ದಿನ ಕುರ್ಚಿ ಹಾಕಿಕೊಳ್ಳದೆ ಮನೆಗೆ ಹೊರಟುಹೋದರು.

ತಿಂಗಳ ಮೇಲೆ ಅವರ ಅಕ್ಕ ಅಂಗಡಿ ಖಾಲಿ ಮಾಡಲು ಒಂದು ಗೂಡ್ಸ್ ಆಟೋ ಮಾಡಿಕೊಂಡು ಬಂದಳು. ಹಗರಿಬೊಮ್ಮನಹಳ್ಳಿಯ ಆ ಅಂಗಡಿಯನ್ನು ಆಕೆ ನೋಡಿದ್ದು ಅದೇ ಮೊದಲು. ಬುದ್ಧನ ಪಟ, ಮುದುಕ ಮುದುಕಿಯರ ಫೋಟೋ, ಚಾಕು, ಹಲಗೆ ಎಲ್ಲ ಏರಿಸಿದ ಮೇಲೆ ಚೀಲದಿಂದ ಬಾಳೆಲೆಯಲ್ಲಿ ಸುತ್ತಿದ ಒಂದು ಬಿಲ್ಲೆ ತೆಗೆದು ಮಾವನ ಕುರ್ಚಿಯ ಎದುರು ಬಂದು ನಿಂತಳು.

"ನೀವ ಏನ್ರಿ ಯಜಮಾನ್ರು? ನಿಮ್ಮನ್ನ ನೋಡಬೇಕು ಅಂತ ಭಾಳ ಇತ್ರಿ. ನಮ್ಮ ತಮ್ಮ ಮಾಡಿದ್ದು, ಇದು ಕಡೀದು. ಹಗೇವಿನಾಗ ಉಳದಿತ್ತು. ಇದನ್ನ ಬ್ಯಾರೆ ಯಾರಿಗೂ ಕೊಡಬಾರದು ಅನಸ್ತ್ರಿ."

ಮಾವ ನನ್ನ ಕಡೆ ನೋಡಿದರು.

"ಮನಿಗೆ ಬಂದಾಗೊಮ್ಮೆ ನಿಮ್ಮ ಸುದ್ದೀನ ಹೇಳತಿದ್ದ್ರಿ," ಎಂದಳು ಆಕೆ. "ಮೊದಲನೇ ದಿನ ನೀವು ತಿಂದು, ಇಂಥಾದ್ದು ತಿಂದಿಲ್ಲ ಅಂದ್ರಂತ. ಮನಿಗೆ ಬಂದವ್ನ ಅವ್ವನ ಫೋಟೋದ ಮುಂದ ನಿಂತು ಅದನ್ನ ಹೇಳಿದ. ಆಮ್ಯಾಲೂ ದಿನಾ ಸಂಜಿಗೆ ಒಂದು ಚೂರು ನಿಮಗ ಬೇಕ ಬೇಕಂತಲ್ರಿ. ಯಜಮಾನ್ರು ತಿಂದ್ರೇನು ಅಂತ ನಾನೂ ದಿನಾ ಫೋನಿನಾಗ ಕೇಳತಿದ್ದೆ. ತಿಂದ್ರಕ್ಕಾ ಅಂತಿದ್ದ."

ಯಾರಿಗೂ ಒಂದು ಸುಳ್ಳು ಹೇಳಿ ತಿನಿಸದ ಮನುಷ್ಯ, ಮನೆಗೆ ಮಾತ್ರ ದಿನವೂ ಆ ಸುಳ್ಳನ್ನು ಮುಟ್ಟಿಸಿದ್ದರು. ಆಕೆ ಬಾಳೆಲೆ ಬಿಚ್ಚಿ, ಬರಿಗೈಯಲ್ಲೇ ಒಂದು ಚೂರು ಮುರಿದು ಮುಂದೆ ಹಿಡಿದಳು. ಸಂತೆಯ ದಿನ. ರಸ್ತೆಯ ತುಂಬ ಪರಿಚಯದ ಮಂದಿ ಓಡಾಡುತ್ತಿದ್ದರು. ಎದುರಿನ ಕಿರಾಣಿ ಅಂಗಡಿಯವರು ಹೊರಗೆ ಬಂದು ನಿಂತು ನೋಡುತ್ತಿದ್ದರು.

ಮಾವ ಕುರ್ಚಿಯ ಕೈ ಹಿಡಿದು ಎದ್ದು ನಿಂತರು.

"ಹೌದವಾ," ಎಂದರು. "ದಿನಾ ಇಡತಿದ್ದ."

ಕೈ ಚಾಚಿ ಆ ಚೂರು ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. ಮೊದಲಿನಂತೆ ಕಣ್ಣು ಮುಚ್ಚಿ ಅಗಿದರು. ನನಗೆ ಅವರ ಮೇಲೆ ಸಿಟ್ಟೂ ಬಂತು, ಅಳುವೂ ಬಂತು. ಇದನ್ನು ನೋಡಬೇಕಾದವರು ನೋಡಲಿಲ್ಲವಲ್ಲ ಎನಿಸಿತು.

"ಹೆಂಗ ಆಗೇತ್ರಿ?" ಆಕೆ ಅಂಜುತ್ತ ಕೇಳಿದಳು. "ಅವ ಹೋದ ಮ್ಯಾಲ ಉಪ್ಪು ಹಚ್ಚಿ ತಿರುವಿ ಹಾಕಿದಾಕಿ ನಾನ. ನನ್ನ ಕೈದು ಹೆಂಗಾಗೇತೋ ಏನೋ."

ಮಾವ ನುಂಗಿದರು. ಕಣ್ಣೊರೆಸಿಕೊಳ್ಳಲಿಲ್ಲ. ಮತ್ತೆ ಕೈ ಚಾಚಿ, "ಇನ್ನೊಂದು ಚೂರು ಕೊಡವಾ" ಎಂದರು.